ಈಜುಕೊಳದ ಕವರ್ ಮೇಲೆ ನಿಂತ ನೀರು: ತೆಗೆಯುವುದು ಹೇಗೆ?

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಹಿತ್ತಲಿನ ಈಜುಕೊಳಗಳಿಗೆ ಕವರ್ ಬೀಳುತ್ತದೆ. ಮತ್ತೆ ಅದನ್ನು ತೆಗೆಯುವುದು ಮೇ ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಮಳೆ, ಎಲೆ, ಹಿಮ ಎಲ್ಲವೂ ಆ ಕವರ್ ಮೇಲೇ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಪೂಲ್ ಇರುವ ಮನೆ ಕೊಂಡ ಕನ್ನಡಿಗರಿಗೆ ಮೊದಲ ಚಳಿಗಾಲದಲ್ಲೇ ಈ ಪ್ರಶ್ನೆ ಎದುರಾಗುತ್ತದೆ: ಕವರ್ ಮೇಲೆ ನಿಂತ ಇಷ್ಟೊಂದು ನೀರನ್ನು ಏನು ಮಾಡೋದು?

ಸುಮ್ನೆ ಬಿಡುವುದಂತೂ ಬೇಡ. 16 ಅಡಿ ಅಗಲ, 32 ಅಡಿ ಉದ್ದದ ಕೊಳದ ಮೇಲೆ ಒಂದೇ ಇಂಚು ಮಳೆ ಬಿದ್ದರೂ ಸುಮಾರು 1,200 ಲೀಟರ್ ನೀರು ಸೇರುತ್ತದೆ. ಅಂದರೆ 1,200 ಕಿಲೋ ಭಾರ. ಕವರ್ ಜಗ್ಗುತ್ತದೆ, ಹೊಲಿಗೆ ಬಿಡುತ್ತದೆ. ಕವರ್ ಹರಿದರೆ ಹೊಸದು ತರಬಹುದು, ಬಿಡಿ. ನಿಜವಾದ ಭಯ ಮಕ್ಕಳದ್ದು. ಪುಟ್ಟ ಮಗು ಮುಳುಗಲು ಕೆಲವೇ ಇಂಚು ನೀರು ಸಾಕು. ಅಂಚಿಗೆ ನೀರಿನ ಚೀಲ ಇಟ್ಟು ಹೊದಿಸಿದ ಟಾರ್ಪಾಲಿನಂಥ ಕವರ್ ಯಾರ ಭಾರವನ್ನೂ ತಡೆಯುವುದಿಲ್ಲ. ಅದರ ಮೇಲೆ ಬಿದ್ದವರನ್ನು ಹಾಳೆಯೇ ಸುತ್ತಿಕೊಳ್ಳುತ್ತದೆ. ಹಾಗಾಗಿ ಬೇಲಿಯ ಗೇಟಿಗೆ ಚಳಿಗಾಲದಲ್ಲೂ ಬೀಗ ಇರಲಿ. ಊರಿಂದ ಬಂದ ಅಜ್ಜ ಅಜ್ಜಿಗೂ ಎಲೆ ತುಂಬಿದ ಆ ಹೊದಿಕೆಯ ಕೆಳಗೆ ಆಳದ ನೀರಿದೆ ಎಂದು ಕರೆದುಕೊಂಡು ಹೋಗಿ ತೋರಿಸಿ.

ನಿಮ್ಮದು ಜಾಲರಿ ಕವರ್ ಆದರೆ ಕೆಲಸ ಕಡಿಮೆ. ನೀರು ತಾನೇ ಕೆಳಗಿಳಿಯುತ್ತದೆ. ಎಲ್ಲಾದರೂ ನಿಂತಿದ್ದರೆ ಎಲೆಗಳು ತೂತುಗಳನ್ನು ಮುಚ್ಚಿವೆ ಎಂದರ್ಥ. ಉದ್ದ ಕೋಲಿನ ಮೆತ್ತನೆ ಬ್ರಷ್‌ನಿಂದ ಸರಿಸಿದರಾಯಿತು. ಆದರೆ ಒಳಗಿನ ಮಟ್ಟ ಏರುತ್ತದೆ, ಅದರ ಮೇಲೊಂದು ಕಣ್ಣಿರಲಿ.

ನೀರು ಇಳಿಯದ ಗಟ್ಟಿ ಕವರ್‌ಗೆ ಪಂಪ್ ಬೇಕು. ನೀರಲ್ಲೇ ಮುಳುಗಿ ಕೆಲಸ ಮಾಡುವ ‘ಪೂಲ್ ಕವರ್ ಪಂಪ್’ ಅಂಗಡಿಗಳಲ್ಲಿ ಸಿಗುತ್ತದೆ. ನೀರು ಏರಿದಾಗ ತಾನೇ ಶುರುವಾಗಿ, ಇಳಿದಾಗ ನಿಲ್ಲುವಂಥದ್ದನ್ನೇ ಕೊಳ್ಳಿ.

ಮೊದಲು ಎಲೆಗಳನ್ನು ಬಲೆಯಿಂದ ಎತ್ತಿ ತೆಗೆಯಿರಿ. ಇದನ್ನು ಬಿಟ್ಟರೆ ಪಂಪ್ ಹತ್ತು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಆಮೇಲೆ ಪೈಪ್ ಜೋಡಿಸಿ, ಅಂಚಿನಲ್ಲಿ ನಿಂತೇ ಹಗ್ಗ ಕಟ್ಟಿ ಪಂಪನ್ನು ಆಳವಾದ ಜಾಗಕ್ಕೆ ಇಳಿಸಿ. ಕವರ್ ಮೇಲೆ ಕಾಲಿಡಬೇಡಿ. ಕರೆಂಟು ಸೋರಿದ ಕೂಡಲೇ ತಾನೇ ಕಡಿದುಹಾಕುವ ಜಿಎಫ್‌ಸಿಐ ಸಾಕೆಟ್‌ನಿಂದಲೇ ಪಂಪಿಗೆ ಕರೆಂಟು ಬರಲಿ, ಪಂಪ್ ಮುಟ್ಟುವ ಮುಂಚೆ ಪ್ಲಗ್ ತೆಗೆಯಿರಿ. ಪೈಪಿನ ತುದಿ ಮನೆಯ ಅಡಿಪಾಯದಿಂದಲೂ ಕೊಳದ ಅಂಚಿನಿಂದಲೂ ದೂರ ಇರಲಿ. ನಡೆಯುವ ದಾರಿಗೆ ಬಿಟ್ಟರೆ ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಜಾರುತ್ತದೆ.

ಇನ್ನು ಹೆಚ್ಚಿನವರು ಗಮನಿಸದ ವಿಷಯ. ನೀವು ಹೊರಹಾಕುತ್ತಿರುವುದು ಮಳೆನೀರೋ, ಕೊಳದ ನೀರೋ? ಕವರ್‌ನಲ್ಲಿ ಸಣ್ಣ ತೂತಿದ್ದರೂ ಮೇಲಿನ ನೀರು ಖಾಲಿಯಾದಷ್ಟೂ ಕೆಳಗಿನಿಂದ ಬರುತ್ತಲೇ ಇರುತ್ತದೆ. ಆ ಕವರ್ ನಿಂತಿರುವುದೇ ಕೊಳದ ನೀರಿನ ಆಸರೆಯಲ್ಲಿ ಅಲ್ವಾ? ಆಸರೆ ಕುಸಿದರೆ ಮುಂದಿನ ಹಿಮದ ಭಾರಕ್ಕೆ ಕವರ್ ಹರಿಯಬಹುದು, ಕೊಳದ ಒಳಮೈಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ (ಲೈನರ್) ಕೂಡ ಕೆಡಬಹುದು. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಗಂಟೆಗೆ 350 ಗ್ಯಾಲನ್ (ಸುಮಾರು 1,300 ಲೀಟರ್) ಎಳೆಯುವ ಚಿಕ್ಕ ಪಂಪಿಗೂ ಮೇಲೆ ಹೇಳಿದ ಒಂದು ಇಂಚಿನ ನೀರು ಸುಮಾರು ಒಂದು ಗಂಟೆಯ ಕೆಲಸ. ಮಳೆಯೇ ಇಲ್ಲದೆ ಅರ್ಧ ದಿನ ಓಡಿದರೂ ನೀರು ಮುಗಿಯಲಿಲ್ಲವೆಂದರೆ ತಕ್ಷಣ ಪಂಪ್ ನಿಲ್ಲಿಸಿ. ಕವರ್ ಹಾಕುವ ದಿನವೇ ನೀರಿನ ಮಟ್ಟಕ್ಕೆ ಗೋಡೆಯ ಮೇಲೊಂದು ಗುರುತು ಹಾಕಿಟ್ಟಿದ್ದರೆ ಇನ್ನೂ ಸುಲಭ: ಮಟ್ಟ ಅದಕ್ಕಿಂತ ಕೆಳಗಿಳಿದಿದ್ದರೆ ಕವರ್ ತೂತಾಗಿರಬಹುದು. ಒಣಗಿದ ದಿನ ನೋಡಿ ತೇಪೆ ಹಾಕಿ.

ಪಂಪ್ ಇಲ್ಲದವರು ಪೈಪಿನಲ್ಲೇ ನೀರು ಇಳಿಸಬಹುದು. ಪೈಪಿನ ತುಂಬ ನೀರು ತುಂಬಿಸಿ, ಒಂದು ತುದಿ ಕವರ್ ಮೇಲೆ, ಇನ್ನೊಂದು ಅದಕ್ಕಿಂತ ತಗ್ಗಿನ ಜಾಗದಲ್ಲಿ. ನಿಧಾನ, ಆದರೆ ಕರೆಂಟು ಬೇಡ. ತೂತಿನ ಎಚ್ಚರ ಇಲ್ಲಿಯೂ ಬೇಕು.

ಎಲ್ಲವನ್ನೂ ಹೆಪ್ಪುಗಟ್ಟುವ ಚಳಿಗೆ ಮೊದಲೇ ಮಾಡಿ. ಕೊನೆಯ ಎಲೆ ಉದುರಿದ ಮೇಲೆ ಒಮ್ಮೆ, ಪ್ರತಿ ಜೋರು ಮಳೆಯ ನಂತರ ಒಮ್ಮೆ. ಆಮೇಲೆ ಪಂಪನ್ನು ಒಳಗೆ ತಂದಿಡಿ, ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡರೆ ಅದು ಒಡೆಯುತ್ತದೆ. ನೀರು ಗಟ್ಟಿಯಾಗಿಬಿಟ್ಟಿದ್ದರೆ ಹಾಗೇ ಬಿಡಿ. ಒಡೆಯಲು ಹೋದರೆ ಚೂಪು ತುಂಡುಗಳೇ ಕವರನ್ನು ಸೀಳುತ್ತವೆ. ಹಿಮವನ್ನೂ ಸಲಿಕೆಯಿಂದ ಕೆರೆಯಬೇಡಿ, ಕರಗಿದ ಮೇಲೆ ಪಂಪ್ ಇಳಿಸಿ.

ಬೆಚ್ಚಗಾಗುತ್ತಿದ್ದಂತೆ ಮತ್ತೆ ಶುರು ಮಾಡಿ, ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮೇ ತಿಂಗಳಲ್ಲಿ ಕವರ್ ಎಳೆಯುವ ಮುನ್ನ ಕೊನೆಯ ನೀರು, ಕೊಳೆತ ಎಲೆ ಎಲ್ಲ ತೆಗೆದಿರಬೇಕು. ಇಲ್ಲದಿದ್ದರೆ ಚಳಿಗಾಲವಿಡೀ ಕಾಪಾಡಿದ ಕೊಳಕ್ಕೆ ಆ ಕಪ್ಪು ನೀರೆಲ್ಲ ಸುರಿಯುತ್ತದೆ. ಇಬ್ಬರು ಎದುರುಬದುರು ನಿಂತು ಕವರನ್ನು ಮಡಿಸುತ್ತ ಒಂದೇ ಕಡೆಗೆ ಎಳೆದರೆ ಅಳಿದುಳಿದ ಕೊಳೆ ಮಡಿಕೆಯೊಳಗೇ ಉಳಿದು ಹೊರಗೆ ಬರುತ್ತದೆ.