ವಂಡರ್‌ಲಾದಲ್ಲಿ ಒಂದು ದಿನ: ಕ್ಯೂ ಕಡಿಮೆ, ಆಟ ಜಾಸ್ತಿ ಆಗುವಂತೆ ಪ್ಲಾನ್ ಮಾಡುವುದು ಹೇಗೆ?

ಬಿಡದಿ ಹತ್ತಿರದ ವಂಡರ್‌ಲಾಕ್ಕೆ ರಜೆ ದಿನ ಹೋಗಿ ಬಂದವರನ್ನು ಕೇಳಿ ನೋಡಿ. ಎಷ್ಟು ರೈಡ್ ಆಡಿದಿರಿ ಅಂದರೆ ಒಬ್ಬರು ಆರು ಅನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತು ಅನ್ನುತ್ತಾರೆ. ಇಬ್ಬರೂ ಕೊಟ್ಟ ದುಡ್ಡು ಒಂದೇ, ಒಳಗೆ ಇದ್ದ ಹೊತ್ತೂ ಒಂದೇ. ಯಾವ ರೈಡನ್ನು ಯಾವ ಹೊತ್ತಿಗೆ ಹಿಡಿದರು ಅನ್ನುವುದರಲ್ಲಿ ಇಷ್ಟು ವ್ಯತ್ಯಾಸ ಆಗಿಬಿಡುತ್ತದೆ.

2005ರಲ್ಲಿ ಶುರುವಾದ ಈ ಪಾರ್ಕ್ 82 ಎಕರೆಯಲ್ಲಿದೆ. ರೈಡ್‌ಗಳು 60ಕ್ಕಿಂತ ಜಾಸ್ತಿ. ಬೆಳಿಗ್ಗೆ 11ಕ್ಕೆ ತೆರೆದರೆ ಸಾಮಾನ್ಯವಾಗಿ ಸಂಜೆ 6ಕ್ಕೆ, ಶನಿವಾರ, ಭಾನುವಾರ ಮತ್ತು ರಜೆಗಳಲ್ಲಿ 7ಕ್ಕೆ ಮುಚ್ಚುತ್ತದೆ. ಏಳು ಗಂಟೆಯನ್ನು 60 ರೈಡಿಗೆ ಹಂಚಿದರೆ ಒಂದಕ್ಕೆ ಸಿಗುವುದು ಏಳೇ ನಿಮಿಷ. ನಡೆಯುವುದು, ನಿಲ್ಲುವುದು, ಊಟ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಎಲ್ಲವನ್ನೂ ಆಡಿಬಿಡುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನೊಂದು ವಿಷಯ ತಲೆಯಲ್ಲಿರಲಿ. ಒಣ ರೈಡ್‌ಗಳು, ಅಂದರೆ ಬಟ್ಟೆ ನೆನೆಯದ ರೈಡ್‌ಗಳು, ಇಡೀ ದಿನ ಇರುತ್ತವೆ. ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ಸುಮಾರು 5ಕ್ಕೆ ನಿಂತುಬಿಡುತ್ತವೆ. ಮುಂದೆ ಹೇಳುವ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಸೀಸನ್‌ಗೆ ತಕ್ಕಂತೆ ಸಮಯ ಸ್ವಲ್ಪ ಹಿಂದೆಮುಂದೆ ಆಗುವುದುಂಟು, ಹೊರಡುವ ಹಿಂದಿನ ದಿನ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಯಾವ ದಿನ ಹೋಗಬೇಕು?

ಮಂಗಳವಾರ, ಬುಧವಾರ, ಗುರುವಾರ ಒಳ್ಳೆಯ ದಿನಗಳು. ಒಂದು ದಿನ ರಜೆ ಹಾಕಲು ಆಗುವುದಾದರೆ ಹಾಕಿ, ಅದಕ್ಕಿಂತ ದೊಡ್ಡ ಉಪಾಯ ಈ ಲೇಖನದಲ್ಲಿ ಬೇರೆ ಇಲ್ಲ. ಏಪ್ರಿಲ್–ಮೇ ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರದಲ್ಲಿ ಜನ ತುಂಬಿರುತ್ತಾರೆ. ನವೆಂಬರ್‌ನಿಂದ ಜನವರಿ ತನಕ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೂ ಸಾಲುಗಟ್ಟಿ ಬರುತ್ತವೆ. ಶಾಲೆ ಶುರುವಾದ ಮೇಲಿನ ಜೂನ್ ಕೊನೆ, ಜುಲೈ ತಿಂಗಳು ನನಗಂತೂ ತುಂಬಾ ಇಷ್ಟ. ಮೋಡ ಇರುತ್ತದೆ, ಬಿಸಿಲು ಸುಡುವುದಿಲ್ಲ, ಜನ ಕಡಿಮೆ. ಜೋರು ಮಳೆ ಬಂದರೆ ಎತ್ತರದ ರೈಡ್‌ಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ಅದಕ್ಕೆ ತಯಾರಿರಬೇಕು.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಮಕ್ಕಳ ಎತ್ತರ ಅಳೆಯಿರಿ. ಇಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 85ರಿಂದ 140ರ ತನಕ ಮಕ್ಕಳ ಟಿಕೆಟ್. ಜೋರಿನ ರೈಡ್‌ಗಳಲ್ಲಿ ಹೆಚ್ಚಿನವಕ್ಕೆ ಕೂಡ 140 ಸೆಂ.ಮೀ. ಗಡಿ. ಪ್ರತಿ ರೈಡಿನ ಬಾಗಿಲಲ್ಲೂ ಅಳತೆಯ ಗೆರೆ ಇರುತ್ತದೆ, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. ನಡೆಯಬಾರದು ಕೂಡ. ಭುಜದ ಮೇಲೆ ಕೂರುವ ಬಾರ್ ಚಿಕ್ಕ ಮೈಯನ್ನು ಸರಿಯಾಗಿ ಹಿಡಿಯದಿದ್ದರೆ ಅಪಾಯ.

ನಮ್ಮ ಅಕ್ಕನ ಮಗಳಿಗೆ ಆಗ ಒಂಬತ್ತು ವರ್ಷ. ಹೊರಡುವ ಹಿಂದಿನ ರಾತ್ರಿ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ, ತಲೆ ಮೇಲೆ ಪುಸ್ತಕ ಇಟ್ಟು, ಪೆನ್ಸಿಲ್‌ನಿಂದ ಗೆರೆ ಎಳೆದೆವು. ಟೇಪ್ ಹಿಡಿದು ನೋಡಿದರೆ 137. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಆ ಬೇಜಾರು ಅಲ್ಲೇ, ಆ ಬಾಗಿಲ ಹತ್ತಿರವೇ ಮುಗಿಯಿತು. ಕೂತು ಅವಳಿಗೆ ಆಗುವ ರೈಡ್‌ಗಳ ಪಟ್ಟಿ ಅವಳ ಕೈಯಲ್ಲೇ ಬರೆಸಿದೆವು. ಅರ್ಧ ಗಂಟೆ ಬಿಸಿಲಲ್ಲಿ ನಿಂತು, ತನ್ನ ಸರದಿ ಬಂದಾಗ ವಾಪಸ್ ಕಳಿಸಿಕೊಂಡ ಮಗುವಿನ ಮುಖ ನೋಡಿದ್ದೇನೆ. ಯಾವ ಮಗುವಿಗೂ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಎರಡನೆಯದು ಬಟ್ಟೆ. ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆ, ಜೀನ್ಸ್, ಸೀರೆ, ಚೂಡಿದಾರ್ ಬಿಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ನೂಲು ಬಿಟ್ಟು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ಜಾರುಬಂಡೆಯಲ್ಲಿ ಜಾರುವುದೂ ಇಲ್ಲ. ಒಳಗೆ ಅಂಗಡಿಯಲ್ಲಿ ಸಿಗುತ್ತದೆ ನಿಜ, ಆದರೆ ಎಲ್ಲರೂ ಒಂದೇ ಹೊತ್ತಿಗೆ ಅಲ್ಲಿಗೇ ಹೋಗುತ್ತಾರೆ. ಹಾಗಾಗಿ ಊರಲ್ಲೇ ಕೊಂಡು ತನ್ನಿ. ಜೊತೆಗೆ ಪ್ರತಿಯೊಬ್ಬರಿಗೂ ಒಂದು ಟವೆಲ್, ಒಂದು ಜೊತೆ ಒಣ ಬಟ್ಟೆ, ಒದ್ದೆ ಬಟ್ಟೆ ತುಂಬಲು ದಪ್ಪ ಕವರ್, ಕನ್ನಡಕ ಹಾಕುವವರಿಗೆ ಹಿಂದೆ ಕಟ್ಟುವ ದಾರ. ಊಟ ತಿಂಡಿ ಕಟ್ಟಿಕೊಂಡು ಹೋಗಬೇಡಿ, ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ.

ಟಿಕೆಟ್ ಆನ್‌ಲೈನ್‌ನಲ್ಲೇ ಮಾಡಿ. ಕಾಲೇಜು ಮಕ್ಕಳಿದ್ದರೆ ಐಡಿ ಕಾರ್ಡ್ ತಂದರೆ ರಿಯಾಯಿತಿ ಇದೆ. ಫಾಸ್ಟ್‌ಟ್ರ್ಯಾಕ್ ಅಂತ ಇನ್ನೊಂದು ಟಿಕೆಟ್ ಇದೆ, ದುಡ್ಡು ಜಾಸ್ತಿ, ಬೇರೆ ಸಾಲು. ವಾರದ ದಿನ ಹೋಗುವವರಿಗೆ ಅದು ಬೇಡವೇ ಬೇಡ. ಆದರೆ ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ದಸರಾ ರಜೆಯಲ್ಲಿ ಬಂದಿದ್ದೀರಿ, ಮತ್ತೆ ಬರುವುದು ಯಾವಾಗಲೋ ಅನ್ನುವಂತಿದ್ದರೆ ಕೊಳ್ಳಿ. ಯಾವ ರೈಡಿಗೆ ಎಷ್ಟು ಸಲ ನಡೆಯುತ್ತದೆ ಅನ್ನುವ ಷರತ್ತು ಓದಿಯೇ ದುಡ್ಡು ಕಟ್ಟಿ.

10.30ಕ್ಕೆ ಗೇಟಿನ ಮುಂದೆ

ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರ. ಕಾರಿನವರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆ ಹತ್ತಿ ಮೈಮರೆಯಬೇಡಿ, ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಮುಂದೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಬೈಕ್ ಮತ್ತು ಆಟೊಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಪ್ರವೇಶವೇ ಇಲ್ಲ, ಶುರುವಿನಿಂದಲೇ ಸರ್ವಿಸ್ ರಸ್ತೆ. ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದ ತನಕ ಇದೆ, ಅಲ್ಲಿಂದ ಮುಂದೆ ಬಸ್ಸೋ ಕ್ಯಾಬೋ ಹಿಡಿಯಬೇಕು.

ಬಿಡದಿ ತನಕ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬರುವುದು ಹೇಗೆ ಅಲ್ವಾ? ತಿನ್ನಿ, ಆದರೆ 9.30ರೊಳಗೆ ಮುಗಿಸಿ. ಭಾನುವಾರ ಅಲ್ಲಿ ಹೋಟೆಲಿನ ಮುಂದೆ ಕಾರು ನಿಲ್ಲಿಸಲೇ ಹೊತ್ತು ಹಿಡಿಯುತ್ತದೆ. ಗಿರಕಿ ಹೊಡೆಯುವ ರೈಡ್ ಹತ್ತುವ ಮುಂಚೆ ಹೊಟ್ಟೆಗೆ ಒಂದು ಗಂಟೆಯಾದರೂ ಬಿಡುವು ಬೇಕು.

ಒಳಗೆ ಹೋದ ಕೂಡಲೇ ಲಾಕರ್. ಇಡೀ ಮನೆಗೆ ಒಂದೇ ಸಾಕು. ಕೀಲಿ ಒಬ್ಬರ ಹತ್ತಿರವೇ ಇರಲಿ. ಕಳೆದುಹೋದರೆ ಸೇರುವ ಜಾಗ ಯಾವುದು ಅಂತ ಮಕ್ಕಳಿಗೆ ಆ ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು.

ಮೊದಲ ಒಂದು ಗಂಟೆ ಚಿನ್ನ

ಬಾಗಿಲು ತೆರೆದಾಗ ಎಲ್ಲರೂ ಕಣ್ಣಿಗೆ ಬಿದ್ದ ಮೊದಲ ರೈಡಿನ ಮುಂದೆ ನಿಂತುಬಿಡುತ್ತಾರೆ. ನೀವು ನಿಲ್ಲಬೇಡಿ. ನೇರ ರೀಕಾಯ್ಲ್ ರೋಲರ್ ಕೋಸ್ಟರ್‌ಗೆ ನಡೆಯಿರಿ. ಅದು ಮುಂದಕ್ಕೆ ಲೂಪ್ ಹೊಡೆದು, ಅದೇ ಹಳಿಯ ಮೇಲೆ ಹಿಂದಕ್ಕೆ ಬರುತ್ತದೆ. ಹೋಗುವುದೂ ಬರುವುದೂ ಒಂದೇ ಹಳಿಯಾದ್ದರಿಂದ ಎರಡನೇ ಗಾಡಿ ಓಡಿಸಲು ಆಗುವುದಿಲ್ಲ. ಜನ ಎಷ್ಟೇ ಬಂದರೂ ಒಂದೇ ಗಾಡಿ. ಹಾಗಾಗಿ ಅದರ ಸಾಲು ಮಧ್ಯಾಹ್ನಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಅದಾದ ಮೇಲೆ ಹರಿಕೇನ್, ಇನ್‌ಸ್ಯಾನಿಟಿ, ಫ್ಲ್ಯಾಶ್ ಟವರ್ ಥರದವು.

ಇಲ್ಲಿ ಒಂದು ಲೆಕ್ಕ ಕಲಿತರೆ ಇಡೀ ದಿನ ಉಪಯೋಗಕ್ಕೆ ಬರುತ್ತದೆ. ಸಾಲಿನ ಉದ್ದ ನೋಡಿ ತೀರ್ಮಾನ ಮಾಡಬೇಡಿ, ಅದು ಕರಗುವ ವೇಗ ನೋಡಿ. ಭುಜದ ಬಾರ್ ‘ಟಕ್’ ಅಂತ ಕೂರುವ ಸದ್ದು ಕೇಳಿದಾಗ ವಾಚ್ ನೋಡಿ. ರೈಡ್ ತಿರುಗಿ, ನಿಂತು, ಜನ ಇಳಿದು, ಹೊಸಬರು ಹತ್ತಿ, ಮತ್ತೆ ಅದೇ ‘ಟಕ್’ ಕೇಳುವ ತನಕ ಎಷ್ಟು ನಿಮಿಷ? ನಾಲ್ಕು ಅಂದುಕೊಳ್ಳಿ. ಸೀಟು 24 ಇದ್ದರೆ ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 120 ಜನ ಇದ್ದರೆ ಐದು ಸುತ್ತು, 20 ನಿಮಿಷ. ಈಗ ಒಬ್ಬೊಬ್ಬರನ್ನೇ ಬಿಡುವ ಜಾರುಬಂಡೆ ನೋಡಿ. ಅರ್ಧ ನಿಮಿಷಕ್ಕೆ ಒಬ್ಬರು ಅಂದರೆ ಗಂಟೆಗೆ 120 ಜನ ಅಷ್ಟೇ. ಅಲ್ಲಿ 40 ಜನ ನಿಂತಿದ್ದರೂ 20 ನಿಮಿಷವೇ. ಕಣ್ಣಿಗೆ ಚಿಕ್ಕದಾಗಿ ಕಾಣುವ ಸಾಲು ಮೂರು ಪಟ್ಟು ದೊಡ್ಡ ಸಾಲಿನಷ್ಟೇ ಹೊತ್ತು ತಿನ್ನುತ್ತದೆ.

ಜನ ಎಣಿಸುವುದೂ ಸುಲಭ. ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿದ ಸಾಲಿನಲ್ಲಿ ಒಂದು ಓಣಿಯವರನ್ನು ಎಣಿಸಿ, ಎಷ್ಟು ಓಣಿ ತುಂಬಿದೆಯೋ ಅಷ್ಟರಿಂದ ಗುಣಿಸಿ. ಮಕ್ಕಳಿಗೆ ಈ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ. ನಮ್ಮ ಮನೆಯಲ್ಲಿ 25 ನಿಮಿಷ ಮೀರಿದರೆ ಮುಂದಕ್ಕೆ ಹೋಗುವುದು ಅಂತ ಮೊದಲೇ ಮಾತಾಗಿರುತ್ತದೆ. ಸಾಲಿನ ಮುಂದೆ ನಿಂತು ಜಗಳ ಆಗುವುದಿಲ್ಲ.

ಗಿರಕಿ ಹೊಡೆಯುವ ಎರಡು ರೈಡನ್ನು ಬೆನ್ನುಬೆನ್ನಿಗೆ ಹತ್ತಬೇಡಿ. ತಲೆಸುತ್ತು ಬಂದರೆ ಒಬ್ಬರಿಂದ ಇಡೀ ಗುಂಪು ಅರ್ಧ ಗಂಟೆ ಕೂರಬೇಕಾಗುತ್ತದೆ. ನಡುವೆ ಮೆಲ್ಲಗಿನದ್ದು ಒಂದು ಇರಲಿ. ಬೆನ್ನುನೋವು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಜೋರಿನ ರೈಡ್ ಹತ್ತಲೇಬಾರದು. ಅಜ್ಜ ಅಜ್ಜಿ ಜೊತೆಗಿದ್ದರೆ ನೆರಳಿನ ಜಾಗ ಒಂದನ್ನು ಆರಿಸಿ ಅಲ್ಲಿಗೇ ಆಗಾಗ ಬಂದು ಹೋಗಿ, ಅವರನ್ನು ರೈಡಿನಿಂದ ರೈಡಿಗೆ ನಡೆಸಬೇಡಿ.

ನೀರಿಗೆ ಒಂದೇ ಸಲ ಇಳಿಯಿರಿ

ತುಂಬಾ ಜನ ಹೊತ್ತು ಕಳೆದುಕೊಳ್ಳುವುದು ಬಟ್ಟೆ ಬದಲಿಸುವುದರಲ್ಲಿ. ನೀರು, ಆಮೇಲೆ ಊಟಕ್ಕೆ ಒಣ ಬಟ್ಟೆ, ಮತ್ತೆ ನೀರು. ಐದು ಜನರ ಕುಟುಂಬ ಒಮ್ಮೆ ಬಟ್ಟೆ ಬದಲಿಸಿ, ಲಾಕರ್ ತೆಗೆದು ಹಾಕಿ, ಎಲ್ಲರೂ ಸೇರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಅದಕ್ಕೇ ದಿನಕ್ಕೆ ಎರಡೇ ಸಲ: ಇಳಿಯುವಾಗ ಒಮ್ಮೆ, ಹತ್ತಿ ಬಂದಾಗ ಒಮ್ಮೆ.

ನೀರಿನ ಆಟ ತೆರೆದ ಕೂಡಲೇ ಇಳಿಯಿರಿ. ಮೊದಲು ಎತ್ತರದ ಜಾರುಬಂಡೆಗಳು. ಮೇಲೆ ಹೇಳಿದಂತೆ ಅವುಗಳ ಸಾಲೇ ನಿಧಾನ, ಜೊತೆಗೆ ಮೆಟ್ಟಿಲು ಹತ್ತಬೇಕು, ಕಾಲಲ್ಲಿ ಶಕ್ತಿ ಇರುವಾಗಲೇ ಆಗಲಿ. ವೇವ್ ಪೂಲ್, ಲೇಜಿ ರಿವರ್‌ಗೆ ಸಾಲೇ ಇರುವುದಿಲ್ಲ, ಅವನ್ನು ಕೊನೆಗೆ ಇಟ್ಟುಕೊಳ್ಳಿ. ಜನವರಿ ಚಳಿಯಲ್ಲಿ ಹೋದವರಿಗೆ ರೇನ್ ಡಿಸ್ಕೊ ದೊಡ್ಡ ಸಮಾಧಾನ, ಅಲ್ಲಿ ಮೇಲಿಂದ ಸುರಿಯುವುದು ಬೆಚ್ಚಗಿನ ನೀರು.

ಊಟ ಎಲ್ಲರ ಜೊತೆ 1.30ಕ್ಕೆ ಬೇಡ. 12ರ ಹೊತ್ತಿಗೆ ಮಕ್ಕಳಿಗೆ ಏನಾದರೂ ಸಣ್ಣದು ತಿನ್ನಿಸಿ, ಊಟ 2.30ಕ್ಕೆ ಇಟ್ಟುಕೊಳ್ಳಿ. ಜನ ಊಟಕ್ಕೆ ಕೂತಿರುವ ಆ ಒಂದು ಗಂಟೆಯಲ್ಲಿ ಜಾರುಬಂಡೆಯ ಸಾಲು ಇಳಿದಿರುತ್ತದೆ. ಉಂಡ ಮೇಲೆ ಲೇಜಿ ರಿವರ್‌ನಲ್ಲಿ ಟ್ಯೂಬಿನ ಮೇಲೆ ಮಲಗಿ ತೇಲಿ. ನೀರಲ್ಲಿದ್ದರೂ ಬಾಯಾರಿಕೆ ಆಗುತ್ತದೆ, ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ. ಕರೆದು ಕರೆದು ನೀರು ಕುಡಿಸಿ.

4ಕ್ಕೆ ಎದ್ದುಬಿಡಿ

ಮಕ್ಕಳು ಇನ್ನೊಂದು ಸಲ ಅನ್ನುತ್ತಾರೆ. ಆದರೂ 4ಕ್ಕೆ ನೀರಿನಿಂದ ಹೊರಗೆ ಬನ್ನಿ. 5ಕ್ಕೆ ನೀರಿನ ಆಟ ನಿಲ್ಲುವಾಗ ಅಲ್ಲಿದ್ದವರೆಲ್ಲ ಒಟ್ಟಿಗೆ ಸ್ನಾನಕ್ಕೆ, ಬಟ್ಟೆ ಕೋಣೆಗೆ, ಲಾಕರ್‌ಗೆ ನುಗ್ಗುತ್ತಾರೆ. ಒದ್ದೆ ಮೈಯಲ್ಲಿ ನಡುಗುತ್ತಾ ನಿಲ್ಲುವ ಆ ಸಾಲಿನಷ್ಟು ಬೇಜಾರಿನದು ಬೇರೆ ಯಾವುದೂ ಇಲ್ಲ. 4ಕ್ಕೆ ಬಂದವರು 4.30ಕ್ಕೆ ಒಣ ಬಟ್ಟೆಯಲ್ಲಿ, ಕೈಯಲ್ಲಿ ಕಾಫಿ ಹಿಡಿದು ನಿಂತಿರುತ್ತಾರೆ.

ಆ ಹೊತ್ತಿಗೆ ಅರ್ಧ ಪಾರ್ಕ್ ಇನ್ನೂ ನೀರಲ್ಲಿರುತ್ತದೆ. ಬೆಳಿಗ್ಗೆ ಬಿಟ್ಟುಹೋದ ರೈಡ್‌ಗಳಿಗೆ ಈಗ ಹೋಗಿ. ದೂರದ ಊರಿನ ಬಸ್ಸುಗಳು ಹೊರಟ ಮೇಲೆ ಸಾಲು ಇನ್ನೂ ತೆಳ್ಳಗಾಗುತ್ತದೆ. ಸೀಟು ಉಳಿದಾಗ ಸಿಬ್ಬಂದಿ ‘ಒಬ್ಬರೇ ಯಾರಾದ್ರೂ ಇದ್ದೀರಾ?’ ಅಂತ ಕೂಗುವುದುಂಟು, ದೊಡ್ಡವರಾದರೆ ಬೇರೆ ಬೇರೆ ಕೂರಲು ಒಪ್ಪಿ ಕೈ ಎತ್ತಿ. ಸ್ಕೈ ವೀಲ್ ಕೊನೆಗೆ ಇರಲಿ. ಗೋಪುರದ ತುದಿಯಲ್ಲಿ, ಸುಮಾರು 130 ಅಡಿ ಎತ್ತರದಲ್ಲಿ ತಿರುಗುವ ಚಕ್ರ ಅದು. ಸಂಜೆ ಬಿಸಿಲಿಗೆ ಬಿಡದಿ ಸುತ್ತಿನ ಬಂಡೆಗುಡ್ಡಗಳು ಕೆಂಪಾಗುತ್ತವೆ. 137 ಸೆಂ.ಮೀ.ನ ನಮ್ಮ ಹುಡುಗಿ ಅಂದು ತನ್ನ ಪಟ್ಟಿಯ ಕೊನೆಯ ಹೆಸರಿಗೆ ಗೆರೆ ಹೊಡೆದದ್ದು ಸ್ಕೈ ವೀಲ್‌ನಿಂದ ಇಳಿದ ಮೇಲೆಯೇ.

ಮುಚ್ಚುವ ಹೊತ್ತಿಗೆ ಪಾರ್ಕಿಂಗ್‌ನಿಂದ ಎಲ್ಲ ಕಾರುಗಳೂ ಒಟ್ಟಿಗೆ ಹೊರಡುತ್ತವೆ. 20 ನಿಮಿಷ ಮುಂಚೆ ಹೊರಡಿ, ಇಲ್ಲವೇ ಮಕ್ಕಳಿಗೆ ಹೊಟ್ಟೆಗೇನಾದರೂ ಕೊಟ್ಟು ಆರಾಮಾಗಿ ಕಡೆಯಲ್ಲಿ ಹೊರಡಿ. ಕೆಂಗೇರಿ ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ನಿದ್ದೆ ಹೋಗಿರುತ್ತಾರೆ, ಒದ್ದೆ ಬಟ್ಟೆಯ ಕವರ್ ಅವರ ಕಾಲಡಿ ಇರದಂತೆ ಡಿಕ್ಕಿಯಲ್ಲಿ ಹಾಕಿರಿ.