ಹಡಗಿಗೆ ನಿಮ್ಮದೇ ವೈನ್: ಬಾಟಲಿ ಯಾವಾಗ ಯಾವ ಚೀಲದಲ್ಲಿರಬೇಕು?

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಸಂಜೆ ಸಮುದ್ರದ ಮೇಲೆ ಪ್ರವಾಸಿ ಹಡಗಿನಲ್ಲಿ ಕೂತು ನಂದಿ ಬೆಟ್ಟದ ತಪ್ಪಲಿನ ವೈನ್ ಕುಡಿಯಬೇಕೆಂದು ನಾವಿಬ್ಬರೂ ಆಸೆಪಟ್ಟಿದ್ದೆವು. ಬಾಟಲಿ ಬೆಂಗಳೂರಿನಿಂದ ಸಿಂಗಪುರದವರೆಗೆ ಸುರಕ್ಷಿತವಾಗಿಯೇ ಬಂತು. ಬಂದರಿನಲ್ಲಿ ಸೂಟ್‌ಕೇಸನ್ನು ಹಾಗೇ ಸಾಮಾನಿನವರ ಕೈಗೆ ಕೊಟ್ಟುಬಿಟ್ಟೆವು. ಅಕ್ಕಪಕ್ಕದವರ ಪೆಟ್ಟಿಗೆಗಳೆಲ್ಲ ಕ್ಯಾಬಿನ್ ಬಾಗಿಲಿಗೆ ಬಂದವು, ನಮ್ಮದು ಮಾತ್ರ ಬರಲಿಲ್ಲ. ಸ್ಕ್ಯಾನ್ ಮಾಡುವಾಗ ಬಾಟಲಿ ಕಂಡು ತಡೆದಿಟ್ಟಿದ್ದರು. ಅದು ನಮ್ಮ ಕೈಸೇರಿದ್ದು ಇಳಿಯುವ ದಿನ. ಆ ಸಂಜೆಯ ಕೊರಗು ನನಗಿನ್ನೂ ಇದೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ವಿಮಾನಕ್ಕೆ ಬಾಟಲಿ ಚೆಕ್-ಇನ್ ಸೂಟ್‌ಕೇಸಿನಲ್ಲಿರಬೇಕು, ಹಡಗಿಗೆ ಕೈಚೀಲದಲ್ಲಿ. ನಡುವೆ ಒಮ್ಮೆ ಚೀಲ ಬದಲಾಗಬೇಕು. ಇದೊಂದನ್ನು ಮರೆಯಬೇಡಿ.

ಟಿಕೆಟ್ ಮಾಡಿಸುವಾಗಲೇ ನಿಮ್ಮ ಹಡಗಿನ ಮದ್ಯದ ನಿಯಮ ಓದಿ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ವಯಸ್ಕರಿಗೆ ತಲಾ 750 ಮಿ.ಲೀ.ನ ಒಂದು ಬಾಟಲಿ ವೈನ್ ಅಥವಾ ಶಾಂಪೇನ್, ಅದೂ ಹಡಗು ಹತ್ತುವ ದಿನ ಮಾತ್ರ. ಕಾರ್ನಿವಲ್‌ನಲ್ಲೂ ತಲಾ ಒಂದೇ, ಕೈಚೀಲದಲ್ಲೇ ಇರಬೇಕು. ನಾರ್ವೀಜಿಯನ್ ಎಂಬ ಹಡಗು ಕಂಪನಿಯವರು ಹೆಚ್ಚು ಬಾಟಲಿ ಒಯ್ಯಲು ಬಿಡುತ್ತಾರೆ, ಆದರೆ ಪ್ರತಿಯೊಂದಕ್ಕೂ ಕಾರ್ಕೇಜ್, ಅಂದರೆ ಹೊರಗಿನಿಂದ ತಂದ ಬಾಟಲಿಗೆ ಹಾಕುವ ಶುಲ್ಕ, ಕಟ್ಟಬೇಕು. ಈ ಅವಕಾಶ ವೈನಿಗಷ್ಟೇ. ವಿಸ್ಕಿ, ರಮ್ಮನ್ನು ಇವರಾರೂ ಬಿಡುವುದಿಲ್ಲ.

ಬಾಟಲಿ ಕಂಪನಿಯ ಸೀಲ್ ಒಡೆಯದ್ದೇ ಆಗಿರಬೇಕು. ನಮ್ಮ ಊರಿನವರು ಇದನ್ನು ಗಮನಿಸಬೇಕು. ಕ್ರಿಸ್‌ಮಸ್‌ಗೆಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದ್ರಾಕ್ಷಿ ಕೊಳೆಹಾಕಿ ವೈನ್ ಮಾಡುತ್ತಾರೆ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ವೈನಿಗೆ ಬೇರೆಯದೇ ಘಮ. ಆದರೆ ಆಂಟಿ ಪ್ರೀತಿಯಿಂದ ತುಂಬಿಸಿಕೊಟ್ಟ ಬಾಟಲಿ ಹಡಗಿಗೆ ಹತ್ತುವುದಿಲ್ಲ. ಅದನ್ನು ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಕುಡಿದು ಹೋಗಿ. ಊರಿನದೇ ಬೇಕೆಂದರೆ ಗ್ರೋವರ್ ಝಂಪಾದ ತೋಟ ದೊಡ್ಡಬಳ್ಳಾಪುರದ ಕಡೆ ಇದೆ, ಹಂಪಿ ಸೀಮೆಯ ಕೃಷ್ಮಾ ಇದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಸಿಕ್ಕರೆ ಅದನ್ನೇ ಆರಿಸಿ, ಕಾರ್ಕ್ ತೆಗೆಯುವ ಸ್ಕ್ರೂ ಹೊತ್ತೊಯ್ಯುವ ಕೆಲಸ ತಪ್ಪುತ್ತದೆ. ಅಂಗಡಿಯ ಬಿಲ್ ಜೊತೆಗಿರಲಿ.

ಈಗ ಪ್ಯಾಕಿಂಗ್. ದೇವನಹಳ್ಳಿಯ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೈಚೀಲದ ದ್ರವ 100 ಮಿ.ಲೀ. ಮೀರುವಂತಿಲ್ಲ, ಹಾಗಾಗಿ ಬಾಟಲಿ ಚೆಕ್-ಇನ್‌ಗೇ ಹೋಗಬೇಕು. ಮೊದಲು ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಿರಿ. ಆಮೇಲೆ ಹಳೆಯ ಕಾಟನ್ ಸೀರೆಯಲ್ಲೋ ಪಂಚೆಯಲ್ಲೋ ನಾಲ್ಕೈದು ಸುತ್ತು ಸುತ್ತಿ. ಕುತ್ತಿಗೆಯ ಭಾಗಕ್ಕೆ ಒಂದು ಜೊತೆ ಕಾಲುಚೀಲ ತೊಡಿಸಿ, ಒಡೆಯುವುದು ಹೆಚ್ಚಾಗಿ ಅಲ್ಲೇ. ಸೂಟ್‌ಕೇಸಿನ ನಟ್ಟನಡುವೆ, ಎಲ್ಲ ಕಡೆಯೂ ಬಟ್ಟೆ ಇರುವಂತೆ ಇಡಿ, ಅಂಚಿಗೆ ತಾಗಬಾರದು. ಒಂದು ತುಂಬಿದ ಬಾಟಲಿ ಸುಮಾರು ಒಂದೂಕಾಲು ಕಿಲೋ ತೂಗುತ್ತದೆ, ತೂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಇಷ್ಟು ತಾಪತ್ರಯ ಬೇಡವೆನ್ನುವವರು ಇಮಿಗ್ರೇಷನ್ ದಾಟಿದ ಮೇಲೆ ಡ್ಯೂಟಿ ಫ್ರೀಯಲ್ಲಿ ಕೊಂಡು, ಅವರು ಕೊಡುವ ಸೀಲ್ ಚೀಲವನ್ನು ಬಿಚ್ಚದೆ ಒಯ್ಯಬಹುದು.

ಸಿಂಗಪುರದ ಕಸ್ಟಮ್ಸ್‌ನಲ್ಲಿ 18 ತುಂಬಿದವರಿಗೆ ಬರೀ ವೈನ್ ಆದರೆ 2 ಲೀಟರ್‌ವರೆಗೆ ಸುಂಕವಿಲ್ಲ. ಆದರೆ ಮಲೇಷ್ಯಾ ಸುತ್ತಿಕೊಂಡು ಅಲ್ಲಿಂದ ಸಿಂಗಪುರಕ್ಕೆ ಬರುವವರಿಗೆ ಈ ರಿಯಾಯಿತಿಯೇ ಇಲ್ಲ. ಕೌಲಾಲಂಪುರ ನೋಡಿಕೊಂಡು ಬಸ್ಸಿನಲ್ಲಿ ಬರುವ ಯೋಚನೆ ಇದ್ದರೆ ವೈನನ್ನು ಸಿಂಗಪುರದಲ್ಲೇ ಕೊಳ್ಳಿ.

ಹಡಗು ಹತ್ತುವ ಬೆಳಿಗ್ಗೆ ಹೋಟೆಲ್ ರೂಮಿನಲ್ಲೇ ಬಾಟಲಿಯನ್ನು ಸೂಟ್‌ಕೇಸಿನಿಂದ ತೆಗೆದು ಹೆಗಲ ಚೀಲಕ್ಕೆ ಹಾಕಿ. ಬಟ್ಟೆಯಡಿ ಬಚ್ಚಿಡಬೇಡಿ, ಸ್ಕ್ಯಾನಿಂಗ್‌ನಲ್ಲಿ ಕೇಳಿದ ಕೂಡಲೇ ತೋರಿಸುವಂತಿರಲಿ. ಇಬ್ಬರು ಎರಡು ಬಾಟಲಿ ಒಯ್ಯುತ್ತಿದ್ದರೆ ಒಬ್ಬರ ಚೀಲದಲ್ಲಿ ಒಂದು, ಇನ್ನೊಬ್ಬರ ಚೀಲದಲ್ಲಿ ಒಂದು.

ರಾಯಲ್ ಕೆರಿಬಿಯನ್, ಕಾರ್ನಿವಲ್‌ಗಳಲ್ಲಿ ನಿಮ್ಮ ಕ್ಯಾಬಿನ್‌ನಲ್ಲಿ ಕುಡಿದರೆ ಶುಲ್ಕವಿಲ್ಲ. ಊಟದ ಹಾಲ್‌ಗೆ ಒಯ್ದರೆ ಬಾಟಲಿಗೆ ಕಾರ್ಕೇಜ್ ಕೇಳಬಹುದು. ವಿಶೇಷ ದಿನವಾದರೆ ಕೊಡುವುದು ತಪ್ಪಲ್ಲ ಎಂದು ನನ್ನ ಅಭಿಪ್ರಾಯ: ಒಳ್ಳೆಯ ಗ್ಲಾಸ್ ಬರುತ್ತದೆ, ಬಡಿಸುವವರು ಇರುತ್ತಾರೆ. ಅರ್ಧ ಉಳಿದರೆ ಕ್ಯಾಬಿನ್ ನಂಬರ್ ಬರೆದು ಮರುದಿನದ ಊಟಕ್ಕೆ ಎತ್ತಿಡಿ ಎಂದು ಕೇಳಿ. ಬಿಳಿ ವೈನ್ ಆದರೆ ಕ್ಯಾಬಿನ್ ನೋಡಿಕೊಳ್ಳುವವರಿಗೆ ಮಧ್ಯಾಹ್ನವೇ ಒಂದು ಬಕೆಟ್ ಐಸ್ ಬೇಕೆಂದು ಹೇಳಿಡಿ.

ದಾರಿಯ ಬಂದರುಗಳಲ್ಲಿ ಕೊಂಡ ಬಾಟಲಿಗಳನ್ನು ಸಾಮಾನ್ಯವಾಗಿ ಹಡಗಿನವರೇ ಪಡೆದು ಚೀಟಿ ಕೊಡುತ್ತಾರೆ, ಪ್ರವಾಸದ ಕೊನೆಗೆ ಹಿಂತಿರುಗಿಸುತ್ತಾರೆ. ಚೀಟಿ ಜೋಪಾನ. ಭಾರತಕ್ಕೆ ಮರಳುವಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಹಡಗಿನಿಂದ ಇಳಿದ ಆ ಬಾಟಲಿಗಳು ವಿಮಾನ ಹತ್ತುವ ಮೊದಲು ಮತ್ತೆ ಪಂಚೆ ಸುತ್ತಿಕೊಂಡು ಚೆಕ್-ಇನ್ ಸೂಟ್‌ಕೇಸಿಗೇ ಹೋಗಬೇಕು.