ಹಳೆ ಷೆವ್ರೊಲೆ ಪಿಕಪ್: ಸೀರಿಯಲ್ ನಂಬರ್ ಓದಿ ವರ್ಷ ಪತ್ತೆ ಮಾಡುವುದು ಹೇಗೆ?

ಅಮೆರಿಕದಲ್ಲಿ 1947ರಿಂದ 1955ರ ಆರಂಭದವರೆಗೆ ತಯಾರಾದ ಷೆವ್ರೊಲೆ ‘ಅಡ್ವಾನ್ಸ್ ಡಿಸೈನ್’ ಪಿಕಪ್‌ಗಳು ಹೊರನೋಟಕ್ಕೆ ಒಂದೇ ಅಚ್ಚಿನವು. ಒಂದರ ಬಾಗಿಲು ಇನ್ನೊಂದಕ್ಕೆ ಕೂರುತ್ತದೆ. ಹಾಗಾಗಿ ಮಾರುವವರ ಮಾತಿಗಿಂತ ಮೊದಲು ನಂಬರ್ ನೋಡಿ.

ಚಾಲಕನ ಬಾಗಿಲು ತೆರೆದರೆ, ಕೀಲು ಕೂರುವ ಕಂಬದ ಮೇಲೆ ರಿವೆಟ್ ಹೊಡೆದ ಸಣ್ಣ ತಗಡು ಇರುತ್ತದೆ. ಸೀರಿಯಲ್ ನಂಬರ್ ಇರುವುದು ಅದರಲ್ಲೇ. ಮೇಲೆ ಬಣ್ಣ ಬಳಿದಿದ್ದರೆ ಥಿನ್ನರ್ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ವೈರ್ ಬ್ರಷ್ ಮುಟ್ಟಿಸಬೇಡಿ, ಅಕ್ಷರಗಳೇ ಸವೆದುಹೋಗುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಸುಕಾದ ಅಚ್ಚೂ ಕಾಣುತ್ತದೆ.

ಈಗ ಇದು ಯಾವ ಪದ್ಧತಿಯ ನಂಬರ್ ಎಂದು ತೀರ್ಮಾನಿಸಿ. ಅಂಕಿಯಿಂದ ಶುರುವಾದರೆ 1952 ಅಥವಾ ಅದಕ್ಕೂ ಹಿಂದಿನದು. ಅಕ್ಷರದಿಂದ ಶುರುವಾದರೆ 1953 ಅಥವಾ ನಂತರದ್ದು.

ಹಳೆ ಪದ್ಧತಿಗೆ ಉದಾಹರಣೆ: 5ಎಚ್‌ಪಿಸಿ4378. ಮೊದಲಿನ 5 ಕಾರ್ಖಾನೆ, ಅಂದರೆ ಕಾನ್ಸಸ್ ಸಿಟಿ. (1 ಫ್ಲಿಂಟ್, 3 ಸೇಂಟ್ ಲೂಯಿಸ್, 6 ಓಕ್ಲೆಂಡ್, 14 ಬಾಲ್ಟಿಮೋರ್.) ‘ಎಚ್’ ವರ್ಷ: 1947ಕ್ಕೆ ಇ, 48ಕ್ಕೆ ಎಫ್, 49ಕ್ಕೆ ಜಿ, 50ಕ್ಕೆ ಎಚ್, 51ಕ್ಕೆ ಜೆ, 52ಕ್ಕೆ ಕೆ. ‘ಪಿ’ ಎಂದರೆ ಅರ್ಧ ಟನ್ ಹೊರೆಯ ದರ್ಜೆಯ 3100 ಮಾದರಿ. ‘ಆರ್’ ಮುಕ್ಕಾಲು ಟನ್, ‘ಎಸ್’ ಒಂದು ಟನ್. ‘ಸಿ’ ತಿಂಗಳು: ‘ಎ’ ಜನವರಿಯಿಂದ ‘ಎಲ್’ ಡಿಸೆಂಬರ್‌ವರೆಗೆ ಲೆಕ್ಕ ಹಾಕಿದರೆ ಮಾರ್ಚ್. ಉಳಿದದ್ದು ಕ್ರಮಸಂಖ್ಯೆ. ಅದು 1001ರಿಂದ ಆರಂಭವಾಗುತ್ತದೆ.

ಸೆಪ್ಟೆಂಬರ್ ಗಾಡಿಯಲ್ಲಿ ಸ್ವಲ್ಪ ಹುಷಾರು. ಅದರ ತಿಂಗಳ ಅಕ್ಷರ ‘ಐ’, ನೋಡಲು 1ರಂತೆಯೇ. ಕಾರ್ಖಾನೆಯ ಅಂಕಿಯ ನಂತರ ಮೂರು ಅಕ್ಷರ ಇರಲೇಬೇಕು. ಎರಡೇ ಕಂಡರೆ, ಮೂರನೆಯ ಜಾಗದಲ್ಲಿ 1ರಂತೆ ಕಾಣುವುದು ನಿಜಕ್ಕೂ ‘ಐ’.

1953ರಿಂದ ಓದುವುದು ಸುಲಭ. ಎಚ್53ಕೆ001234 ಎಂದರೆ 3100, 1953, ಕಾನ್ಸಸ್ ಸಿಟಿ, ಕ್ರಮಸಂಖ್ಯೆ. ಹೆಚ್ಚಿನವರು ಎಡವುವುದು ಇಲ್ಲೇ: ಇಲ್ಲಿ ‘ಎಚ್’ 1950 ಅಲ್ಲ, ‘ಕೆ’ 1952 ಅಲ್ಲ. ಅಕ್ಷರಕ್ಕೆ ಅರ್ಥ ಬರುವುದು ಅದರ ಸ್ಥಾನದಿಂದ.

ತಗಡನ್ನು ಕಿತ್ತು ಬೇರೆ ಗಾಡಿಗೆ ಹಾಕುವುದು ಕಷ್ಟದ ಕೆಲಸವಲ್ಲ. ಅದಕ್ಕೇ ಗಾಡಿಯ ಮೈಯನ್ನೂ ತಾಳೆ ನೋಡಬೇಕು. ಬಾಗಿಲ ಮುಂಭಾಗದಲ್ಲಿ ತಿರುಗಿಸುವ ಪುಟ್ಟ ಕಿಟಕಿ ಬಂದದ್ದು 1951ರಲ್ಲಿ. ನಡುವೆ ಪಟ್ಟಿಯಿಲ್ಲದ ಒಂದೇ ಗಾಜಿನ ಬಾಗಿದ ವಿಂಡ್‌ಶೀಲ್ಡ್ ಮತ್ತು ಹೊಸ ಗ್ರಿಲ್ 1954ರವು. ನಂಬರ್ 1949 ಎಂದು ಹೇಳಿ ಗಾಡಿಗೆ ಒಂದೇ ಗಾಜಿದ್ದರೆ, ಕ್ಯಾಬಿನ್ ಬದಲಾಗಿದೆ ಇಲ್ಲವೇ ತಗಡು ಬದಲಾಗಿದೆ. ಬರೀ ಬಾಗಿಲು ಹೊಂದದಿದ್ದರೆ ಅಷ್ಟು ಅನುಮಾನ ಬೇಡ. ತುಕ್ಕು ಹಿಡಿದ ಬಾಗಿಲನ್ನು ಯಾರಾದರೂ ಬದಲಿಸುತ್ತಾರೆ.

ಎಂಜಿನ್ ನಂಬರ್ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಹಿಂದೆ, ಎಂಜಿನ್ ಬ್ಲಾಕ್‌ನ ಬಲಬದಿಯಲ್ಲಿದೆ. ಇದು ಗಾಡಿಯ ವರ್ಷಕ್ಕೆ ಸಾಕ್ಷಿಯಲ್ಲ. ಹಳೆಯ 216 ಘನ ಇಂಚಿನ ಎಂಜಿನ್ ತೆಗೆದು 235 ಕೂರಿಸಿದ ಗಾಡಿಗಳು ಬೇಕಾದಷ್ಟಿವೆ. ಆದರೆ ಆಗ ಅಮೆರಿಕದ ಕೆಲವು ರಾಜ್ಯಗಳು ಎಂಜಿನ್ ನಂಬರನ್ನೇ ಮಾಲೀಕತ್ವದ ಪತ್ರಕ್ಕೆ ಬರೆಯುತ್ತಿದ್ದವು. ಪತ್ರದ ನಂಬರ್ ತಗಡಿಗೆ ಹೊಂದದಿದ್ದರೆ, ಹಣ ಕೊಡುವ ಮೊದಲು ಬ್ಲಾಕ್ ಒರೆಸಿ ಆ ನಂಬರ್ ಅಲ್ಲಿದೆಯೇ ನೋಡಿ.